ಹಕ್ಕಿ ಅಕ್ಕಿಯಾದಾಗ: ಅಕ್ಷರ ಬದಲಿಸುವ ಒಂದು ಪಾಠ

ಬೋಧನಾ ಅಭ್ಯಾಸದ ಅವಧಿಯಲ್ಲಿ ಹನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿಗೆ ನಾನು ಮಾಡಿದ ಕಂಪ್ಯೂಟರ್ ಪಾಠಗಳಲ್ಲಿ ಒಂದು, ಪಠ್ಯದಲ್ಲಿನ ಅಕ್ಷರಗಳನ್ನು ಬದಲಿಸುವ ಫಂಕ್ಷನ್ ಬರೆಯುವುದು. ಪೈಥಾನ್‌ನಲ್ಲಿ ಇದಕ್ಕೆ ರಿಪ್ಲೇಸ್ ಎಂಬ ಸಿದ್ಧ ಸೌಲಭ್ಯವಿದೆ. ಯಾವುದನ್ನು ಹುಡುಕಬೇಕು, ಅದರ ಜಾಗಕ್ಕೆ ಯಾವುದು ಬರಬೇಕು ಎಂದು ತಿಳಿಸಿದರೆ, ಸಿಕ್ಕ ಕಡೆಯೆಲ್ಲ ಬದಲಿಸಿ ಹೊಸ ಪಠ್ಯ ಕೊಡುತ್ತದೆ. ಮೂಲ ಪಠ್ಯ ಹಾಗೆಯೇ ಉಳಿಯುತ್ತದೆ.

ಉದಾಹರಣೆಗೆ ಮಕ್ಕಳ ಮಾತನ್ನೇ ಆರಿಸಿಕೊಂಡೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಆಡುಮಾತಿನಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುವುದುಂಟು. ‘ಹಾಲು’ ‘ಆಲು’ ಆಗುತ್ತದೆ, ‘ಹೊಲ’ ‘ಒಲ’ ಆಗುತ್ತದೆ. ಬರವಣಿಗೆಯಲ್ಲೂ ಹಾಗೆ ಬಂದರೆ ಕೆಂಪು ಶಾಯಿ ಬೀಳುತ್ತದೆ. ಗಟ್ಟಿಯಾಗಿ ಓದಿದರೆ ತರಗತಿ ನಗುತ್ತದೆ. ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ಈ ಮಾತಿಗೂ ನಿಯಮವಿದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ ಎಂಬುದು ನನ್ನ ಪಾಠಯೋಜನೆಯ ಉದ್ದೇಶ.

ಮೊದಲ ನಿಯಮವನ್ನು ಅವರೇ ಹೇಳಿದರು: ‘ಹ’ ಇದ್ದಲ್ಲಿ ‘ಅ’. ‘ಹನೂರು’ ಸರಿಯಾಗಿ ‘ಅನೂರು’ ಆಯಿತು. ‘ಹಾಲು’ ಮಾತ್ರ ಕೆಟ್ಟಿತು. ‘ಅ’ ಬಂದರೂ ಅದರ ಪಕ್ಕದಲ್ಲಿ ದೀರ್ಘದ ಚಿಹ್ನೆ ಒಂಟಿಯಾಗಿ ಉಳಿಯಿತು. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಒಂದೊಂದಕ್ಕೂ ಪ್ರತ್ಯೇಕ ಸಂಕೇತವಿದೆ. ‘ಕೊಳ್ಳೇಗಾಲ’ ನಮಗೆ 4 ಅಕ್ಷರ, ಕಂಪ್ಯೂಟರಿಗೆ 9 ಸಂಕೇತ. ‘ಯಳಂದೂರು’ ನಮಗೆ 4, ಅದಕ್ಕೆ 7. ಮಕ್ಕಳು ಗೋಡೆಯ ಮೇಲಿನ ಕಾಗುಣಿತದ ಪಟ ನೋಡಿ ‘ಹಾ’ಗೆ ‘ಆ’, ‘ಹಿ’ಗೆ ‘ಇ’, ‘ಹು’ಗೆ ‘ಉ’ ಎಂದು ನಿಯಮಗಳನ್ನು ಸೇರಿಸಿದರು. ಬರಿಯ ‘ಹ’ದ ನಿಯಮ ಕೊನೆಗೆ ಬರಬೇಕು, ಇಲ್ಲದಿದ್ದರೆ ಉಳಿದವಕ್ಕೆ ಕೆಲಸವೇ ಇರುವುದಿಲ್ಲ ಎಂಬುದೂ ಅವರಿಗೆ ಹೊಳೆಯಿತು.

ಆಮೇಲೆ ‘ಮಹದೇಶ್ವರ’ ಎಂದು ಕೊಟ್ಟೆ. ‘ಮಅದೇಶ್ವರ’ ಬಂತು. “ನಾವು ಮಾದೇಶ್ವರ ಅನ್ನದು, ಸಾ” ಎಂದಳು ಒಬ್ಬ ಹುಡುಗಿ. ಪದದ ಆರಂಭಕ್ಕೊಂದು ನಿಯಮ, ನಡುವೆ ಬರುವ ‘ಮಹ’ಕ್ಕೆ ಇನ್ನೊಂದು. ಅಲ್ಲಿಯವರೆಗೆ ಸುಮ್ಮನಿದ್ದವರೇ ಈಗ ಭಾಷಾತಜ್ಞರಾಗಿದ್ದರು.

ಕೊನೆಯ ಪ್ರಶ್ನೆ: ‘ಆಲು’ವನ್ನು ಮತ್ತೆ ‘ಹಾಲು’ ಮಾಡಬಹುದೇ? ‘ಆ’ ಇದ್ದಲ್ಲಿ ‘ಹಾ’ ಎಂದರು. ‘ಆನೆ’ ‘ಹಾನೆ’ಯಾಯಿತು. ‘ಹಕ್ಕಿ’ಯಂತೂ ಮೊದಲೇ ‘ಅಕ್ಕಿ’ಯಾಗಿ ನಿಜವಾದ ಅಕ್ಕಿಯೊಂದಿಗೆ ಬೆರೆತುಹೋಗಿತ್ತು. ಮರದ ಮೇಲಿನ ಅಕ್ಕಿ ಯಾವುದು, ಪಾತ್ರೆಯೊಳಗಿನ ಅಕ್ಕಿ ಯಾವುದು ಎಂಬುದು ಆ ಫಂಕ್ಷನ್‌ಗೆ ತಿಳಿಯದು. ವಾಕ್ಯ ಓದಿದ ಮಗುವಿಗೆ ತಿಳಿಯುತ್ತದೆ.

‘ಹ ಹಾಕಿ ಬರೆ’ ಎಂದಷ್ಟೇ ಹೇಳುವ ನಮ್ಮ ತಿದ್ದುಪಡಿಯೂ ಇದೇ ಬಗೆಯ ಫಂಕ್ಷನ್. ಅದನ್ನು ನಂಬಿದ ಮಗು ಆನೆಗೂ ಹಕಾರ ಹಚ್ಚುತ್ತದೆ. ಹಾಗಾಗಿ ಮುಂದಿನ ಪಾಠಗಳಲ್ಲಿ ನಾನು ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದು, ಒಂದೊಂದನ್ನೂ ವಾಕ್ಯದಲ್ಲಿ ಬಳಸಲು ಹೇಳಿದೆ. ಇನ್ನೊಂದು ವಿಷಯವನ್ನೂ ತಿಳಿಸಿದೆ: ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ‘ಪ’ ಹೋಗಿ ‘ಹ’ ಬಂದದ್ದನ್ನು ನಾವು ಭಾಷೆಯ ಬೆಳವಣಿಗೆ ಎನ್ನುತ್ತೇವೆ. ‘ಆಲು’ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಪರೀಕ್ಷೆಯಲ್ಲಿ ‘ಹಾಲು’ ಎಂದು ಬರೆಯುವುದನ್ನು ಮಕ್ಕಳು ಕಲಿಯಲೇಬೇಕು. ಅದಕ್ಕಾಗಿ ಮನೆಯ ಮಾತಿಗೆ ನಾಚಬೇಕಾಗಿಲ್ಲ.