ಒಂದು ಎಳೆತದ ಅವಧಿ

ಮನೆಯೊಳಗಿನ ಚಲನೆಯನ್ನು ಛಾಯಾಚಿತ್ರಕ್ಕೆ ತರಬೇಕೆಂಬ ಹಂಬಲವುಳ್ಳವನಿಗೆ ಹಳೆಯ ಅಡಿಗೆಮನೆಗಿಂತ ಉತ್ತಮವಾದ ರಂಗಸ್ಥಳ ದೊರೆಯುವುದು ದುರ್ಲಭ. ಹೊಗೆ ಹಿಡಿದು ಕಪ್ಪಿಟ್ಟ ಗೋಡೆ, ಒಂದೇ ಕಿಟಕಿಯಿಂದ ಓರೆಯಾಗಿ ಇಳಿದು ಬರುವ ಬೆಳಕು, ಕಂಬಕ್ಕೆ ಬಿಗಿದ ಕುಣಿಕೆಯಲ್ಲಿ ನೆಟ್ಟಗೆ ನಿಂತ ಕಡೆಗೋಲು, ಅದಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಹಿಡಿದು ಒಂದನ್ನು ಎಳೆದಂತೆ ಇನ್ನೊಂದನ್ನು ಸಡಿಲಬಿಡುವ ಎರಡು ಕೈಗಳು: ಈ ಕಲೆಗೆ ಬೇಕಾದ ಸಾಮಗ್ರಿಯೆಲ್ಲವೂ ಇಷ್ಟರಲ್ಲೇ ಅಡಕವಾಗಿದೆ.

ಇದೇ ದೃಶ್ಯವನ್ನು ಪ್ರಖರವಾದ ಫ್ಲಾಷಿನ ನೆರವಿನಿಂದ ಸೆಕೆಂಡಿನ ಐನೂರರಲ್ಲೊಂದು ಭಾಗದಲ್ಲಿ ಹಿಡಿದರೆ ಕೈಬಳೆಯ ಕೆತ್ತನೆ ಕಾಣುತ್ತದೆ, ಹಗ್ಗದ ಎಳೆಎಳೆಯೂ ಕಾಣುತ್ತದೆ. ಆದರೆ ಆ ಕೈಗಳ ಒಡತಿ ಮಜ್ಜಿಗೆ ಕಡೆಯುತ್ತಿದ್ದಾಳೆಯೋ ಹಗ್ಗ ಹಿಡಿದು ಸುಮ್ಮನೆ ಕುಳಿತಿದ್ದಾಳೆಯೋ ಎಂಬುದು ಮಾತ್ರ ತಿಳಿಯದು. ಸ್ಪಷ್ಟತೆಯೇ ಸತ್ಯವೆಂದು ತಿಳಿದವರು ಅಂಥ ಚಿತ್ರವನ್ನು ಮೆಚ್ಚಿಕೊಳ್ಳಬಹುದು. ನನಗಾದರೋ ಅದರಲ್ಲಿ ಕಡೆಯುವ ಕ್ರಿಯೆಯೇ ಇಲ್ಲವೆಂದು ತೋರುತ್ತದೆ.

ಆದುದರಿಂದ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಿ, ಐಎಸ್‌ಓ 100ರಲ್ಲಿ, ಎಫ್ 8ರ ರಂಧ್ರದಲ್ಲಿ, ಷಟರನ್ನು ಅರ್ಧ ಸೆಕೆಂಡು ತೆರೆದಿಡುವುದು ನನ್ನ ಪದ್ಧತಿ. ಆ ಕಿಟಕಿಯ ಬೆಳಕಿಗೆ ಎಫ್ 4ರಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗವೂ, ಎಫ್ 16ರಲ್ಲಿ ಎರಡು ಸೆಕೆಂಡೂ ಸಮಾನವಾಗಿಯೇ ಒಪ್ಪುತ್ತವೆ. ಬೆಳಕಿನ ಲೆಕ್ಕಕ್ಕೆ ಮೂರೂ ಒಂದೇ. ಚಲನೆಯ ಲೆಕ್ಕಕ್ಕೆ ಮೂರೂ ಬೇರೆ. ಎಂಟನೆಯ ಒಂದು ಭಾಗದಲ್ಲಿ ಕೈ ಕೊಂಚ ಅಲುಗಿದಂತೆ ಕಂಡು, ನೋಡುವವರಿಗೆ ಅದು ಛಾಯಾಗ್ರಾಹಕನ ಕೈ ನಡುಗಿದುದರ ಫಲವೆಂಬ ಭ್ರಮೆ ಹುಟ್ಟುತ್ತದೆ. ಎರಡು ಸೆಕೆಂಡಿನಲ್ಲಿ ಎಳೆತದ ಮೇಲೆ ಎಳೆತ ಬಂದು ಕೂಡಿ ಕೈಗಳೇ ಕರಗಿಹೋಗುತ್ತವೆ. ಅರ್ಧ ಸೆಕೆಂಡು ಹೆಚ್ಚುಕಡಮೆ ಹಗ್ಗದ ಒಂದು ಎಳೆತದ ಅವಧಿ. ಕ್ರಿಯೆಯೊಂದು ಮೊದಲಾಗಿ ಮುಗಿಯುವಷ್ಟು ಹೊತ್ತೇ ಷಟರಿನ ಹೊತ್ತಾದಾಗ ಚಿತ್ರದಲ್ಲಿ ಉಳಿಯುವ ಮಸುಕಿಗೆ ಆದಿಯೂ ಅಂತ್ಯವೂ ಇರುತ್ತವೆ; ಅಂಥ ಮಸುಕು ಮಾತ್ರ ಕಣ್ಣಿಗೆ ಚಲನೆಯಾಗಿ ಕಾಣುತ್ತದೆ.

ಆ ಆದ್ಯಂತಗಳನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ಎಳೆತದ ಕೊನೆಯಲ್ಲಿ ಕೈ ಹಿಂದಿರುಗುವ ಮುನ್ನ ಕಣ್ಣೆವೆ ಮಿಟುಕಿಸುವಷ್ಟೂ ಅಲ್ಲದ, ಆದರೂ ಫಿಲ್ಮಿಗೆ ಸಾಕಾಗುವಷ್ಟು ಹೊತ್ತು ತಂಗುತ್ತದೆ. ಅಲ್ಲಿ ಬೆರಳುಗಳ ಗೆಣ್ಣು ಮೂಡುತ್ತದೆ, ಬಳೆಯ ಅಂಚು ಹೊಳೆಯುತ್ತದೆ, ನಡುವಣ ದಾರಿಯೆಲ್ಲ ತೆಳುವಾದ ಬಿಳಿಯ ಪರದೆಯಾಗುತ್ತದೆ. ಈ ಪರದೆ ಮೂಡುವುದು ಹಿಂದಿನ ಗೋಡೆ ಕಪ್ಪಾಗಿರುವುದರಿಂದಲೇ. ಕೈ ಒಂದು ಜಾಗದಲ್ಲಿ ಇದ್ದದ್ದು ಅವಧಿಯ ಕಾಲುಭಾಗವಾದರೆ ಉಳಿದ ಮುಕ್ಕಾಲು ಭಾಗ ಆ ಜಾಗದಿಂದ ಬೆಳಕು ಕಳಿಸುವುದು ಗೋಡೆ. ಗೋಡೆ ಸುಣ್ಣ ಬಳಿದದ್ದಾದರೆ ಅದರ ಬಿಳುಪು ಕೈಯನ್ನು ನುಂಗಿಬಿಡುತ್ತದೆ, ಮಸಿ ಹಿಡಿದದ್ದಾದರೆ ಕೈಯ ಅತ್ಯಲ್ಪವಾದ ಬೆಳಕೂ ಉಳಿದುಕೊಳ್ಳುತ್ತದೆ. ಹೊಸ ಮನೆಗಳ ಬೆಳ್ಳಗಿನ ಅಡಿಗೆಮನೆಗಳಲ್ಲಿ ಈ ಚಿತ್ರ ಕೂಡಿಬರದಿರುವುದಕ್ಕೆ ಇದೇ ಕಾರಣ. ಇನ್ನು ಗಡಿಗೆಯೂ ಕಂಬವೂ ಕಿಂಚಿತ್ತೂ ಅಲುಗದೆ ನಿಂತಿರಬೇಕು. ಅಚಲವಾದುದೊಂದು ಪಕ್ಕದಲ್ಲಿಲ್ಲದೆ ಚಲಿಸಿದುದು ಯಾವುದೆಂದು ಕಣ್ಣು ತೀರ್ಮಾನಿಸಲಾರದು.

ಈ ಹಾದಿಯಲ್ಲಿ ನಡೆದ ಹಿರಿಯರುಂಟು. ಇಟಲಿಯ ಆಂಟನ್ ಜೂಲಿಯೊ ಬ್ರಗಾಲಿಯ 1911ರಲ್ಲಿ ತೆಗೆದ ಬೆರಳಚ್ಚುಗಾರ್ತಿಯ ಚಿತ್ರದಲ್ಲಿ ಕೀಲಿಗಳ ಮೇಲಿನ ಬೆರಳುಗಳೆಲ್ಲ ಹೊಗೆಯಾಗಿ ಹರಡಿವೆ. ಚಲನೆಯನ್ನೇ ಆರಾಧಿಸುತ್ತಿದ್ದ ಅಲ್ಲಿನ ಫ್ಯೂಚರಿಸ್ಟ್ ಚಿತ್ರಕಾರರು 1913ರಲ್ಲಿ ಅವನ ಈ ಪ್ರಯೋಗಗಳನ್ನು ತಮ್ಮದಲ್ಲವೆಂದು ದೂರವಿರಿಸಿದುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಅಲೆಕ್ಸಿ ಬ್ರೊಡೊವಿಚ್ ರಂಗಮಂದಿರದ ಸಹಜವಾದ ಬೆಳಕಿನಲ್ಲಿ ಬ್ಯಾಲೆ ನರ್ತಕಿಯರನ್ನು ಚಿತ್ರಿಸಿ 1945ರಲ್ಲಿ ಹೊರತಂದ ‘ಬ್ಯಾಲೆ’ ಎಂಬ ಪುಸ್ತಕದಲ್ಲಿ ಹೆಜ್ಜೆಗಳಿಗಿಂತ ಹೆಜ್ಜೆಗಳ ನಡುವಣ ವೇಗವೇ ಪ್ರಧಾನ. ಇವರೆಲ್ಲರಿಗಿಂತ ನನ್ನನ್ನು ಬೆರಗುಗೊಳಿಸಿದವನು ಜಪಾನಿನ ಹಿರೋಷಿ ಸುಗಿಮೊಟೊ. ಚಿತ್ರಮಂದಿರದಲ್ಲಿ ಸಿನಿಮಾ ಮೊದಲಾದಾಗ ಷಟರನ್ನು ತೆರೆದು, ಮುಗಿದಾಗ ಮುಚ್ಚಿ, ಕಥೆಯ ಸಮಸ್ತ ಚಲನೆಯನ್ನೂ ಬರಿಯ ಬಿಳಿಯ ತೆರೆಯಾಗಿ ಕರಗಿಸಿ, ಆ ತೆರೆಯ ಬೆಳಕಿನಿಂದಲೇ ಮಂದಿರದ ಗೋಡೆಗಳನ್ನೂ ಆಸನಗಳನ್ನೂ ಬೆಳಗಿಸಿದವನು ಅವನು. ಕ್ರಿಯೆಯ ಅವಧಿಯೇ ಷಟರಿನ ಅವಧಿ ಎಂಬ ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಾಣೆ.

ಕಡೆಯುವ ಲಯವಾದರೋ ಒಂದೇ ಸಮನಿರುವುದಿಲ್ಲ. ಮೊಸರು ಒಡೆದು ಬೆಣ್ಣೆ ಕೂಡುವ ಹೊತ್ತಿಗೆ ಎಳೆತ ಭಾರವಾಗುತ್ತದೆ, ಗಡಿಗೆಯ ಸದ್ದು ಬದಲಾಗುತ್ತದೆ; ಆಗ ಅರ್ಧ ಸೆಕೆಂಡು ಸಾಲದೆ ಅವಧಿಯನ್ನು ತುಸು ಹಿಗ್ಗಿಸಿ ಲೆನ್ಸಿನ ರಂಧ್ರವನ್ನು ಅಷ್ಟೇ ಕಿರಿದು ಮಾಡಬೇಕಾಗುತ್ತದೆ. ಅದಕ್ಕಾಗಿ ಕ್ಯಾಮರಾ ಮುಟ್ಟುವ ಮೊದಲು ಪಕ್ಕದಲ್ಲಿ ಕುಳಿತು ಎಳೆತಗಳನ್ನು ಎಣಿಸುವುದು ನನಗೆ ಚಿತ್ರ ತೆಗೆಯುವುದಷ್ಟೇ ಪ್ರಿಯವಾಗಿದೆ.

ತೊಲೆಗೆ ಕಟ್ಟಿದ ತೊಟ್ಟಿಲಿನದು ಇನ್ನೂ ದೀರ್ಘವಾದ ಲಯ. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೋಗಲು ಅದಕ್ಕೆ ಸೆಕೆಂಡಿಗೂ ಮಿಕ್ಕ ಹೊತ್ತು ಬೇಕು. ನಡುದಾರಿಯಲ್ಲೇ ಅದರ ವೇಗ ಗರಿಷ್ಠವಾದುದರಿಂದ ಅಲ್ಲಿ ಮಗುವಿನ ಮುಖ ನಿಲ್ಲದು. ತೊಟ್ಟಿಲು ತುದಿ ಮುಟ್ಟುವುದಕ್ಕೆ ಕೂದಲೆಳೆಯಷ್ಟು ಮುಂಚೆ ಷಟರನ್ನು ತೆರೆದರೆ ಆ ತುದಿಯಲ್ಲಿ ಮುಖ ಗುರುತಿಗೆ ಸಿಕ್ಕುತ್ತದೆ, ಆಮೇಲಿನ ತೂಗಾಟವೆಲ್ಲ ಅದರಿಂದ ಹೊರಟು ಚೌಕಟ್ಟಿನ ಉದ್ದಕ್ಕೂ ಹರಿಯುತ್ತದೆ. ಹೀಗೆ ಒಮ್ಮೆ ಕೂಡಿಬಂದ ಚಿತ್ರವನ್ನು ನೋಡಿದ ಮೇಲೆ, ಮುಂದಿನ ತೂಗಿಗೆ ಮತ್ತೆ ಷಟರಿನ ಮೇಲೆ ಬೆರಳಿಡದೆ ಇರುವುದು ನನ್ನಿಂದಾಗದು.