ಮೂರನೆಯ ಗುಂಡಿ

ನಮ್ಮ ಅಕ್ಕನನ್ನು ಅಕ್ಕಲಕೋಟೆಗೆ ಕೊಟ್ಟಿದೆ. ಮನಗೂಳಿಗೆ ಅದು ದೂರದ ಊರೇನೂ ಅಲ್ಲ. ಆದರೆ ನಡುವೆ ರಾಜ್ಯದ ಗಡಿ ಬಿದ್ದಿರುವುದರಿಂದ ಅವಳ ಸರಕಾರ ಬೇರೆ, ನಮ್ಮ ಸರಕಾರ ಬೇರೆ. ಮನೆಮಾತು ಮಾತ್ರ ಎರಡೂ ಕಡೆ ಕನ್ನಡವೇ. ತವರಿಗೆ ಬಂದಾಗಲೆಲ್ಲ ಆ ಕಡೆಯ ಹೆಚ್ಚುಗಾರಿಕೆ ಯಾವುದಾದರೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವುದು ಅವಳ ಪದ್ಧತಿ. 2016ರ ಚಳಿಗಾಲದಲ್ಲಿ ಬಂದಾಗ ಅದು ಓಟಿನ ಸುದ್ದಿಯಾಗಿತ್ತು.

“ಅವ್ವಾ, ಈ ಸಲ ನಾ ಮೂರು ಗುಂಡಿ ಒತ್ತಿ ಬಂದೆ ನೋಡು.”

“ಮೂರ್ಯಾಕ? ಒಬ್ಬರಿಗೆ ಒಂದ ಓಟಲ್ಲೇನು?”

ಅಕ್ಕ ಕಾಲು ಚಾಚಿ ಕುಳಿತು ವಿವರಿಸಿದಳು. ಅವರಲ್ಲಿ ವಾರ್ಡಿಗೆ ಪ್ರಭಾಗವೆನ್ನುತ್ತಾರೆ; ಒಂದು ಪ್ರಭಾಗಕ್ಕೆ ಸದಸ್ಯರು ಇಬ್ಬರು. ಅವರಿಗೆ ಎರಡು ಗುಂಡಿ. ಮೂರನೆಯದು ಊರಿಗೆಲ್ಲ ಒಬ್ಬನಾದ ನಗರಾಧ್ಯಕ್ಷನಿಗೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಡೆ ಗುಂಡಿ ಒಂದ. ಉಳದದ್ದು ಅವರವರ ಒತ್ತಿಕೋತಾರ” ಎಂದಳು.

ಸ್ಥಳೀಯ ಆಡಳಿತದ ಮೇಲೆ ನಾನು ಓದಿದ ಪುಸ್ತಕಗಳಲ್ಲಿ ನಮ್ಮ ವ್ಯವಸ್ಥೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ನಮ್ಮ ಮನಗೂಳಿಯೂ ಈಗ ಪಟ್ಟಣ ಪಂಚಾಯತಿ. ನಾವು ವಾರ್ಡಿಗೊಬ್ಬ ಸದಸ್ಯನನ್ನು ಆರಿಸುತ್ತೇವೆ. ಸದಸ್ಯರು ಕೂಡಿ ಅಧ್ಯಕ್ಷರನ್ನು ಆರಿಸುತ್ತಾರೆ. ವಿಜಯಪುರದ ಮೇಯರ್ ಪದವಿಗೂ ಇದೇ ದಾರಿ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಅಧ್ಯಕ್ಷನನ್ನು ಆರಿಸುವ ಬಗೆ ಹೇಗಿರಬೇಕೆಂಬುದನ್ನು ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟುಕೊಟ್ಟಿತು. ಮಧ್ಯಪ್ರದೇಶ, ಉತ್ತರಪ್ರದೇಶಗಳು ಮೇಯರನ್ನು ಜನರ ಕೈಗೆ ಕೊಟ್ಟವು, ನಮ್ಮವರು ಕೊಡಲಿಲ್ಲ.

ಕೊಡದೆ ಇದ್ದುದರಿಂದ ಏನಾಯಿತು ಎಂದು ಕೇಳುವವರಿಗೆ ವಿಜಯಪುರವನ್ನೇ ತೋರಿಸಬಹುದು. 2022ರ ಅಕ್ಟೋಬರ್ ಕೊನೆಗೆ ಆ ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ ಮತದಾನವಾಯಿತು, ಎಣಿಕೆಯೂ ಆಯಿತು, ಗುಲಾಲು ಹಾರಿತು. ಮೇಯರು ಕುರ್ಚಿಯ ಮೇಲೆ ಕುಳಿತದ್ದು 2024ರ ಜನವರಿಯಲ್ಲಿ. ನಡುವೆ ಎರಡು ದೀಪಾವಳಿ ಬಂದು ಹೋಗಲಿಲ್ಲವೆಂದರೂ ಒಂದಂತೂ ಪೂರ್ತಿ ಹೋಯಿತು. ಬೆಂಗಳೂರಿನದು ಬೇರೊಂದು ಬಗೆ. 2015ರಲ್ಲಿ ಅಲ್ಲಿಯ 198 ವಾರ್ಡುಗಳಲ್ಲಿ 100 ಗೆದ್ದ ಪಕ್ಷಕ್ಕೆ ಮೇಯರ್ ಪದವಿ ಸಿಗಲಿಲ್ಲ. ಶಾಸಕರು, ಸಂಸದರು, ಮೇಲ್ಮನೆಯವರು ಬಂದು ಓಟು ಹಾಕಿದ್ದರಿಂದ ತಕ್ಕಡಿ ಆ ಕಡೆ ವಾಲಿತು. ಕಾನೂನಿನಂತೆ ತಪ್ಪಿಲ್ಲ. ಆದರೆ ವಾರ್ಡಿನಲ್ಲಿ ಸಾಲುಗಟ್ಟಿ ನಿಂತವನಿಗೆ ತನ್ನ ಓಟು ಎಲ್ಲಿ ಹೋಯಿತೆಂದು ಹುಡುಕುವುದು ಕಷ್ಟವೇ. ಇನ್ನು ಅಧ್ಯಕ್ಷರ ಚುನಾವಣೆ ಹತ್ತಿರವಾದೊಡನೆ ಸದಸ್ಯರು ತಂಡೋಪತಂಡವಾಗಿ ರೆಸಾರ್ಟಿಗೆ ಪ್ರವಾಸ ಹೊರಡುವ ಸಂಪ್ರದಾಯವನ್ನು ಪತ್ರಿಕೆ ಓದುವವರಿಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಇಡೀ ಊರನ್ನು ಬಸ್ಸಿನಲ್ಲಿ ತುಂಬಿ ಒಯ್ಯುವುದಂತೂ ಯಾರಿಂದಲೂ ಆಗದು. ನೇರ ಚುನಾವಣೆಯ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಕಂಡಿಲ್ಲ.

ಗೋರಖಪುರದ ಜನ 2000ದ ಇಸವಿಯಲ್ಲಿ ಹಿಜಡಾ ಸಮುದಾಯದ ಆಶಾದೇವಿಯವರನ್ನು ಮೇಯರಾಗಿ ಆರಿಸಿದ್ದರು. ಸದಸ್ಯರ ಸಭೆಯಲ್ಲಿ ಕೈ ಎತ್ತಿಸಿದ್ದರೆ ಆಕೆಗೆ ಎಷ್ಟು ಕೈ ಏಳುತ್ತಿದ್ದವು?

ಆದರೂ ಮೂರನೆಯ ಗುಂಡಿಯೆಂದರೆ ಕಲ್ಪವೃಕ್ಷವಲ್ಲ. ಶಿಮ್ಲಾದಲ್ಲಿ 2012ರಲ್ಲಿ ಜನ ನೇರವಾಗಿ ಆರಿಸಿದ ಮೇಯರ್ ಮತ್ತು ಉಪಮೇಯರ್ ಇಬ್ಬರೂ ಕಮ್ಯುನಿಸ್ಟ್ ಪಕ್ಷದವರು. 25 ಸದಸ್ಯರ ಸಭೆಯಲ್ಲಿ ಅವರ ಪಕ್ಷದವರು ಮೂವರೇ. ಗದ್ದುಗೆಯ ಮೇಲೆ ಒಬ್ಬರು, ಠರಾವು ಪಾಸು ಮಾಡುವ ಕೈಗಳು ಮತ್ತೊಬ್ಬರವು. ಮುಂದೆ ಅಲ್ಲಿಯವರು ಕಾಯಿದೆಯನ್ನೇ ತಿದ್ದಿ ಹಳೆಯ ಪದ್ಧತಿಗೆ ಮರಳಿದರು. ನಮ್ಮ ಕಡೆಯಾದರೆ ಇನ್ನೊಂದು ತೊಡಕು. 1976ರ ಪಾಲಿಕೆ ಕಾಯಿದೆಯಲ್ಲಿ ಮೇಯರಿಗೆ ಸಭೆಯ ಅಧ್ಯಕ್ಷತೆಯಿದೆ, ಮೈಮೇಲೆ ನಿಲುವಂಗಿಯಿದೆ. ಕೆಲಸ ಮಾಡಿಸುವ ಅಧಿಕಾರ ಮಾತ್ರ ಸರಕಾರ ಕಳಿಸಿದ ಆಯುಕ್ತರದು. ಕೀಲಿಕೈ ಇಲ್ಲದವನನ್ನು ಲಕ್ಷ ಜನ ಆರಿಸಿದರೇನು, ಮೂವತ್ತೈದು ಜನ ಆರಿಸಿದರೇನು?

ಇದನ್ನೆಲ್ಲ ಅವ್ವನಿಗೆ ಹೇಳಿದರೆ ಅವಳು ಒಪ್ಪುವುದಿಲ್ಲ. ಅವಳ ಲೆಕ್ಕವೇ ಬೇರೆ. “ನಿಮ್ಮ ಅಜ್ಜಿ ಕಾಲಕ್ಕ ಭಾಂವಿ ಹೂಳ ತಗೀಬೇಕಾದ್ರ ಗೌಡರ ಕಟ್ಟಿ ಮುಂದ ಹೋಗಿ ಕೂಗತಿದ್ರು. ಬಾಗಿಲಾ ಒಂದ ಇತ್ತು” ಎನ್ನುತ್ತಾಳೆ. ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ನಮ್ಮೂರು ಮಣಿಂಗವಳ್ಳಿ ಎನಿಸಿಕೊಂಡಿದ್ದಾಗಲೂ ಊರಿಗೊಬ್ಬ ಪ್ರಭುವಿದ್ದ. ಬಳಿಕ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕಿಗಳು ಬಂದವು. ಅವು ಕಾಯಿದೆಯಿಂದ ರದ್ದಾದದ್ದು 1963ರಲ್ಲಿ. ರದ್ದಾದದ್ದು ಒಳ್ಳೆಯದೇ ಆಯಿತು. ಆ ಒಂದು ಬಾಗಿಲಿನ ಮುಂದಿನ ಕಟ್ಟೆಯನ್ನು ಹತ್ತಲಾರದೆ ಕೆಳಗೆ ದೂರ ನಿಂತು ಕೂಗಬೇಕಾದವರು ಎಷ್ಟು ಮಂದಿಯೆಂಬುದನ್ನು ಅವ್ವ ಹೇಳುವುದಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿದೆ. ಅವಳಿಗೆ ಬೇಕಾಗಿರುವುದು ಗೌಡನಲ್ಲ, ಬಾಗಿಲು. ನಾನು ತಿಳಿದುಕೊಂಡಿರುವಂತೆ ಅಕ್ಕನ ಮೂರನೆಯ ಗುಂಡಿಯ ಆಸೆಯೂ ಅಷ್ಟೇ: ಬಾಗಿಲು ಒಂದಿರಲಿ, ಐದು ವರ್ಷಕ್ಕೊಮ್ಮೆ ಅದರ ಚೌಕಟ್ಟನ್ನು ಕಿತ್ತು ಬೇರೆ ಕಡೆ ಇಡುವ ಅಧಿಕಾರ ನಮ್ಮಲ್ಲಿರಲಿ.

ಆದರೆ ಆ ಗುಂಡಿಯನ್ನು ಕೊಟ್ಟವರೇ ಕಸಿದುಕೊಳ್ಳಬಲ್ಲರು. ಮಹಾರಾಷ್ಟ್ರದಲ್ಲಿ ಅದು 2001ರಲ್ಲಿ ಬಂತು, 2006ರಲ್ಲಿ ಹೋಯಿತು. 2016ರಲ್ಲಿ ಬಂತು, 2020ರಲ್ಲಿ ಹೋಯಿತು, 2022ರಲ್ಲಿ ಮತ್ತೆ ಬಂತು. ಮುಂಬಯಿಯಲ್ಲಿ ಸರಕಾರ ಬದಲಾದ ಹಾಗೆಲ್ಲ ಅಕ್ಕನ ಕೈಗೆ ಒಂದು ಗುಂಡಿ ಹೆಚ್ಚು, ಒಂದು ಗುಂಡಿ ಕಡಿಮೆ. ಹೆಚ್ಚಾದದ್ದಕ್ಕೂ ಕಡಿಮೆಯಾದದ್ದಕ್ಕೂ ಅವಳನ್ನು ಯಾರೂ ಕೇಳಲಿಲ್ಲ. 2016ರಲ್ಲಿ ಆರಿಸಿದವರ ಅವಧಿ ಮುಗಿದ ಮೇಲಂತೂ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕಾರಭಾರ ವರ್ಷಗಟ್ಟಲೆ ನಡೆಯಿತು. ಆ ದಿನಗಳಲ್ಲಿ ಅಕ್ಕ ತವರಿಗೆ ಬಂದರೆ ಅವ್ವ ನಗುತ್ತ, “ಎಷ್ಟವಾ ಈಗ ನಿನ್ನ ಗುಂಡಿ?” ಎಂದು ಕೇಳುತ್ತಿದ್ದಳು. ಅಕ್ಕ ಮಾತು ಹೊರಳಿಸಿ ರೊಟ್ಟಿಯ ಹಿಟ್ಟು ಕಲಸಲು ಏಳುತ್ತಿದ್ದಳು.

2025ರ ಡಿಸೆಂಬರಿನಲ್ಲಿ ಕೊನೆಗೂ ಅಲ್ಲಿ ಚುನಾವಣೆಯಾಯಿತು. ಒಂಬತ್ತು ವರ್ಷ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಟ್ಟಿಕೊಂಡು ಬಂದ ಅಕ್ಕನ ಉಗುರಿನ ಮೇಲೆ ಕಪ್ಪು ಮಸಿಯ ಗೆರೆ ಇನ್ನೂ ಇತ್ತು. ಅವ್ವ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು.

“ಮೂರೂ ಒತ್ತಿದೇನು?”

“ಮೂರೂ ಒತ್ತೀನಿ. ಇನ್ನ ಮ್ಯಾಲ ನಳ ಬರಲಿಲ್ಲಂದ್ರ ಯಾರ ಮನೀಗೆ ಹೋಗಬೇಕು ನನಗ ಗೊತ್ತದ.”

ಅವ್ವ ಬೆರಳು ಬಿಟ್ಟು ನನ್ನ ಕಡೆ ತಿರುಗಿದಳು. “ತಮ್ಮಾ, ನೀ ಇಷ್ಟೆಲ್ಲಾ ಓದತೀಯಲ್ಲ, ನಮ್ಮೂರ ಅಧ್ಯಕ್ಷರ ಮನಿ ಯಾವ ಓಣ್ಯಾಗ ಬರತದ?”

ಶಿಮ್ಲಾದ ಸಭೆಯಲ್ಲಿ ಎಷ್ಟು ಕುರ್ಚಿಗಳಿದ್ದವೆಂದು ಬಲ್ಲ ನನಗೆ ಅದು ಗೊತ್ತಿರಲಿಲ್ಲ. ಕೇಳಿಕೊಂಡು ಬರುತ್ತೇನೆಂದು ಹೇಳಿ ಚಪ್ಪಲಿ ಮೆಟ್ಟಿ ಹೊರಬಿದ್ದೆ.