ಹಳೆಯ ಹೊತ್ತಗೆಗಳ ಹಾದಿಯಲ್ಲಿ

ಮಲೆನಾಡಿನ ಮಳೆಗಾಲಗಳನ್ನು ದಾಟಿ ಉಳಿದುಬಂದ ಪುಸ್ತಕವೊಂದನ್ನು ಕಂಡಾಗಲೆಲ್ಲ ಅದರ ಮೇಲೆ ನನಗೆ ವಿಶೇಷವಾದ ಗೌರವ ಹುಟ್ಟುತ್ತದೆ. ಬೇಲೂರು ತಾಲ್ಲೂಕಿನ ಬಿಕ್ಕೋಡಿನ ಸುತ್ತಣ ಕಾಫಿ ತೋಟಗಳ ಮೇಲೆ ಆಷಾಢದ ಮಳೆ ಹಿಡಿದು ಕುಳಿತಿತೆಂದರೆ ಹರವಿದ ಬಟ್ಟೆ ಒಣಗದು, ಉಪ್ಪು ನೀರಾಗುವುದು, ಗೋಡೆಯ ಗೂಡಿನಲ್ಲಿಟ್ಟ ಪುಸ್ತಕದ ರಟ್ಟಿಗೆ ಬೂಷ್ಟು ಹತ್ತುವುದು. ಬೂಷ್ಟನ್ನು ಒರೆಸಿ ಮುಗಿಸುವಷ್ಟರಲ್ಲಿ ಗೆದ್ದಲು ಬರುವುದು. ಅಂಥ ಊರಿನಲ್ಲಿ ನನ್ನ ಬಂಧುಗಳು ಒಲೆಯ ಹೊಗೆ ತಾಕುವ ಅಟ್ಟದ ಮೇಲೆ, ಮರದ ಪೆಟ್ಟಿಗೆಯೊಂದರಲ್ಲಿ, ಹಿರಿಯರು ಓದಿದ ಪುಸ್ತಕಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಎಲ್ಲ ಮನೆಗಳಲ್ಲಿಯೂ ಅಟ್ಟ ಉಳಿದಿಲ್ಲ. ಹಳೆಯ ಮನೆಯನ್ನು ಕೆಡವಿ ತಾರಸಿ ಹಾಕಿಸುವಾಗ ಪುಸ್ತಕದ ಗಂಟು ತಗಡು, ಬಾಟಲಿಗಳ ಜೊತೆಗೆ ಗುಜರಿಯವನ ಗಾಡಿಯನ್ನೇರುತ್ತದೆ. ಹೀಗೆ ಮನೆಯನ್ನು ಬಿಟ್ಟ ಪುಸ್ತಕ ಯಾವ ಹಾದಿಯನ್ನು ಹಿಡಿಯುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲದಿಂದ ನಾನು ಆ ಹಾದಿಯಲ್ಲಿಯೇ ಹೊರಟೆನು.

ಬೇಲೂರಿಗೆ ಬಂದವನು ಚೆನ್ನಕೇಶವನ ದರ್ಶನ ಮಾಡದೆ ಮುಂದೆ ಹೋಗಲಾರನು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಈ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರು ಬರೆದ ಗ್ರಂಥವು 1919ರಲ್ಲಿ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯಿಂದ ಪ್ರಕಟವಾಯಿತು. ಓಲೆಗರಿಗಳನ್ನು ಶೋಧಿಸಿ 'ಕರ್ಣಾಟಕ ಕವಿಚರಿತೆ'ಯನ್ನು ರಚಿಸಿದ ಮಹನೀಯರೂ ಅವರೇ. ಕಲ್ಲನ್ನು ಓದುವ ಕಣ್ಣೂ ಗರಿಯನ್ನು ಓದುವ ಕಣ್ಣೂ ಅವರಲ್ಲಿ ಒಂದೇ ಆಗಿದ್ದವು. ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಆ ಅಕ್ಷರಗಳನ್ನು ನೋಡುತ್ತ ನಿಂತಾಗ, ಪುಸ್ತಕದ ಮೊದಲ ಹಾಳೆಯಲ್ಲಿ ತನ್ನ ಹೆಸರನ್ನೂ ಊರನ್ನೂ ತಾರೀಖನ್ನೂ ಬರೆದಿಡುವ ಸಾಮಾನ್ಯ ಓದುಗನೂ ಇದೇ ಆಶೆಯಿಂದಲೇ ಬರೆಯುತ್ತಾನೆ ಎಂದು ನನಗೆ ತೋರಿತು. ಇದು ನನ್ನ ಕೈಯಲ್ಲಿತ್ತು ಎಂಬುದನ್ನು ಮುಂದೆ ಬರುವವನೊಬ್ಬನು ತಿಳಿಯಲಿ ಎಂಬುದೇ ಆ ಆಶೆ.

ಅಲ್ಲಿಂದ ಸುಮಾರು 16 ಕಿಲೋಮೀಟರು ಪೂರ್ವಕ್ಕೆ ಹಳೇಬೀಡು. ಹೊಯ್ಸಳೇಶ್ವರನ ಭಿತ್ತಿಯ ಸುತ್ತ ರಾಮಾಯಣ ಭಾರತಗಳ ಕಥೆಯನ್ನು ಸಾಲುಸಾಲಾಗಿ ಓದುತ್ತ ಪ್ರದಕ್ಷಿಣೆ ಬಂದೆನು. ಈ ರಾಜಧಾನಿಯ ವೈಭವವು ಹಾಳಾಯಿತು. ಆದರೆ ಹೊಯ್ಸಳರ ಆಶ್ರಯದಲ್ಲಿ ಜನ್ನನು 1209ರಲ್ಲಿ ಮುಗಿಸಿದ 'ಯಶೋಧರಚರಿತೆ' ಹಾಳಾಗಲಿಲ್ಲ. ಗರಿ ಜೀರ್ಣವಾಗುವ ಮೊದಲು ಯಾರೋ ಒಬ್ಬರು ಅದನ್ನು ಹೊಸ ಗರಿಗೆ ಇಳಿಸಿದರು, ಅದು ಜೀರ್ಣವಾಗುವ ಮೊದಲು ಮತ್ತೊಬ್ಬರು ಇಳಿಸಿದರು. ಅಚ್ಚಿನ ಯಂತ್ರವು ಬರುವವರೆಗೂ ಆ ಕಾವ್ಯವು ಕೈಯಿಂದ ಕೈಗೆ ಬಂದೇ ಬದುಕಿತು. ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿದ್ದ ಕಲ್ಲನ್ನು ಊರವರು ತಲೆಮಾರುಗಳಿಂದ ನೋಡುತ್ತಲೇ ಇದ್ದರು. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ವಿದ್ವಲ್ಲೋಕದ ಗಮನಕ್ಕೆ ತಂದ ಮೇಲೆ, ಸುಮಾರು ಕ್ರಿ. ಶ. 450ರ ಆ ಹದಿನಾರು ಪಂಕ್ತಿಗಳು ಕನ್ನಡದ ಪ್ರಾಚೀನತೆಗೆ ಪ್ರಮಾಣವಾದವು. ಓದಬಲ್ಲವನು ಎದುರಿಗೆ ಬರುವವರೆಗೆ ಶಾಸನವೂ ಬರಿಯ ಕಲ್ಲೇ, ಗ್ರಂಥವೂ ಬರಿಯ ರದ್ದಿಯೇ.

ಹಳೇಬೀಡನ್ನು ಬಿಟ್ಟು ಜಾವಗಲ್ಲಿನ ಮಾರ್ಗವಾಗಿ ಅರಸೀಕೆರೆಯ ಕಡೆಗೆ ಸಾಗಿದಂತೆ ಮಲೆನಾಡಿನ ಹಸುರು ಹಿಂದುಳಿದು ತೆಂಗಿನ ತೋಟಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ಕೊಬ್ಬರಿಯ ವ್ಯಾಪಾರಕ್ಕೂ, 1220ರ ಈಶ್ವರ ದೇವಾಲಯಕ್ಕೂ, ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗಕ್ಕೆ ಹಾಸನ–ಮೈಸೂರಿನ ಮಾರ್ಗವು ಬಂದು ಸೇರುವ ಜಂಕ್ಷನ್ನಿಗೂ ಹೆಸರಾದ ಊರು ಅರಸೀಕೆರೆ. ಹಳ್ಳಿಹಳ್ಳಿಯಿಂದ ಬಂದ ಹಳೆಯ ಕಾಗದವು ಇಂಥ ಊರುಗಳ ಗುಜರಿ ಅಂಗಡಿಗಳಲ್ಲಿ ರಾಶಿಯಾಗುತ್ತದೆ. ಪತ್ರಿಕೆ ಒಂದು ಕಡೆ, ನೋಟ್‌ಪುಸ್ತಕ ಒಂದು ಕಡೆ, ರಟ್ಟು ಒಂದು ಕಡೆ ಎಂದು ವಿಂಗಡವಾಗಿ, ಲಾರಿಯೇರಿ, ಕಾಗದದ ಕಾರ್ಖಾನೆಯನ್ನು ಸೇರಿ ಪುನಃ ತಿರುಳಾಗುತ್ತದೆ. ವಿಂಗಡಿಸುವ ಆ ಹೊತ್ತೇ ಪುಸ್ತಕಕ್ಕೆ ಉಳಿದಿರುವ ಕೊನೆಯ ಅವಕಾಶ.

"ಬುಕ್ಕು ಬೇಕಾದ್ರೆ ಆರಿಸ್ಕೊಳ್ಳಿ ಸ್ವಾಮಿ, ತೂಕದ ಮೇಲೆ ಕೊಡ್ತೀನಿ," ಎಂದು ಅಂಗಡಿಯವನು ನನಗೊಂದು ಮಣೆಯನ್ನು ಕೊಟ್ಟನು. ಗೈಡುಗಳನ್ನೂ ಪಂಚಾಂಗಗಳನ್ನೂ ಸರಿಸುತ್ತ ಹೋದಾಗ, ರಟ್ಟನ್ನೂ ಮುಖಪುಟವನ್ನೂ ಕಳೆದುಕೊಂಡ ಒಂದು ಪುಸ್ತಕ ಕೈಗೆ ಬಂದಿತು. ಎರಡು ಪುಟಗಳನ್ನು ಓದುತ್ತಲೇ ಅದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ನಮ್ಮ ಊರಿನ ರಸಿಕರು' ಎಂದು ತಿಳಿಯಿತು. ಮುದ್ರಣದ ವರ್ಷವು ಮುಖಪುಟದೊಡನೆಯೇ ಹೋಗಿದ್ದಿತು. ಆದರೆ ಹಿಂಬದಿಯಲ್ಲಿ ಬೆಲೆಯನ್ನು ರೂಪಾಯಿ ಆಣೆಗಳಲ್ಲಿ ಅಚ್ಚುಮಾಡಿದ್ದರು. ನಯಾಪೈಸೆ ಬಂದದ್ದು 1957ರ ಏಪ್ರಿಲಿನಲ್ಲಾದುದರಿಂದ ಈ ಪ್ರತಿ ಅದಕ್ಕಿಂತ ಹಿಂದಿನದೆಂದು ಊಹಿಸಬಹುದಾಗಿದ್ದಿತು. ಪುಟದ ಹಿಂಬದಿಯ ಮೇಲೆ ಬೆರಳಾಡಿಸಿದರೆ ಸೀಸದ ಮೊಳೆಗಳು ಒತ್ತಿದ ಉಬ್ಬು ಇನ್ನೂ ತಿಳಿಯುತ್ತಿತ್ತು. ಹುಳುವೊಂದು ಸಾಸಿವೆಯಷ್ಟು ದುಂಡಗೆ ಕೊರೆದ ತೂತು ಹಾಳೆಯಿಂದ ಹಾಳೆಗೆ ನೇರವಾಗಿ ಇಳಿದು, ನಡುವೆ ಒಂದು ಕಡೆ ನಿಂತುಹೋಗಿದ್ದಿತು. ಕೊನೆಯ ಖಾಲಿ ಹಾಳೆಯಲ್ಲಿ ಯಾರೋ ಪೆನ್ಸಿಲಿನಿಂದ ನಾಲ್ಕು ಉದ್ದಗೀಟು, ಅವುಗಳ ಮೇಲೊಂದು ಓರೆಗೀಟು ಹಾಕಿ ಆಳುಗಳ ಲೆಕ್ಕವನ್ನಿಟ್ಟಿದ್ದರು. ತೋಟದ ಕೆಲಸದ ನಡುವೆ ಈ ಪುಸ್ತಕವನ್ನು ಜೊತೆಯಲ್ಲಿಟ್ಟುಕೊಂಡು ತಿರುಗಿದ ಆ ಅಪರಿಚಿತನ ಮೇಲೆ ನನಗೆ ಪ್ರೀತಿ ಉಕ್ಕಿತು.

ರೈಲಿನಲ್ಲಿ ಕಿಟಕಿಯ ಬಳಿ ಕುಳಿತು ಅದನ್ನು ನಿಧಾನವಾಗಿ ಓದಿದೆನು. ಹಳೆಯ ಕಾಗದವು ಅವಸರವನ್ನು ಸಹಿಸದು. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ದ್ರವ್ಯವು ಗಾಳಿ ಬೆಳಕುಗಳಿಗೆ ಸಿಕ್ಕಿ ಹಾಳೆಯನ್ನು ಹಳದಿಯಾಗಿಸುತ್ತದೆ. ಕಾಗದದಲ್ಲಿರುವ ಆಮ್ಲವು ಅದರ ನಾರನ್ನು ಕಡಿದು ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ನಮಗೆ ಪ್ರಿಯವಾದ ಆ ಹಳೆಯ ಪುಸ್ತಕದ ವಾಸನೆಯೂ ಕಾಗದವು ಮೆಲ್ಲಮೆಲ್ಲನೆ ಕ್ಷಯಿಸುತ್ತಿರುವುದರ ಗುರುತೇ. ಆದುದರಿಂದ ಪ್ರತಿ ಹಾಳೆಯನ್ನೂ ಮೂಲೆಯಿಂದ ಎತ್ತಿ, ಅಂಗೈ ಕೊಟ್ಟು ತಿರುವಬೇಕಾಗುತ್ತದೆ. ಕೈ ನಿಧಾನವಾದಂತೆ ಮನಸ್ಸೂ ನಿಧಾನವಾಗಿ, ವಾಕ್ಯವು ತನ್ನ ಪೂರ್ಣವಾದ ಲಯದಲ್ಲಿ ಕೇಳಿಸತೊಡಗುತ್ತದೆ. ಹಿಂದಿನ ಓದುಗನು ಅಂಚಿನಲ್ಲಿ ಗೆರೆಯೆಳೆದ ಕಡೆಗಳಲ್ಲಿ ನಾನೂ ನಿಂತು, ಅವನಿಗೆ ಇಲ್ಲಿ ಏನು ಹಿಡಿಸಿರಬಹುದು ಎಂದು ಯೋಚಿಸಿದೆನು. ಕೆಲವೆಡೆ ಅವನ ರುಚಿಯನ್ನು ಒಪ್ಪಿದೆನು, ಕೆಲವೆಡೆ ಗೆರೆಯಿಲ್ಲದ ಸಾಲೇ ಮಿಗಿಲೆಂದುಕೊಂಡೆನು. ಹೊಸ ಪುಸ್ತಕದಲ್ಲಿ ನಾವು ಲೇಖಕನೊಬ್ಬನೊಡನೆ ಮಾತ್ರ ಇರುತ್ತೇವೆ. ಇಲ್ಲಿ ಒಂದು ಗೋಷ್ಠಿಯೇ ನೆರೆದಿರುತ್ತದೆ.

ಹಿಂದೆ ದೊಡ್ಡಪೇಟೆಯೆನಿಸಿದ್ದ ಬೆಂಗಳೂರಿನ ಅವೆನ್ಯೂ ರಸ್ತೆ ನನ್ನ ಯಾತ್ರೆಯ ಕೊನೆ. ಭಾನುವಾರ ದೊಡ್ಡ ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಅವುಗಳ ಎದುರಿನ ಕಾಲುದಾರಿಯೇ ಪುಸ್ತಕಶಾಲೆಯಾಗುತ್ತದೆ. ವೈದ್ಯಶಾಸ್ತ್ರ, ಕಾನೂನು, ನಿಘಂಟು, ಪತ್ತೇದಾರಿ ಕಾದಂಬರಿ, ಹಳೆಯ 'ಕಸ್ತೂರಿ'ಯ ಸಂಚಿಕೆಗಳು ಎಲ್ಲವೂ ಹರವಿದ ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಒಟ್ಟಿಗೆ ಕುಳಿತಿರುತ್ತವೆ. ಇಲ್ಲಿ ತೂಕದ ಲೆಕ್ಕವಿಲ್ಲ. ಮಾರುವವನು ಪುಸ್ತಕವನ್ನು ಒಮ್ಮೆ, ಕೊಳ್ಳುವವನ ಮುಖವನ್ನು ಒಮ್ಮೆ ನೋಡಿ ಬೆಲೆ ಹೇಳುತ್ತಾನೆ. ಬ್ರಿಗೇಡ್ ರಸ್ತೆಯ ಪಕ್ಕದಲ್ಲಿರುವ, 1945ರಲ್ಲಿ ಕೆ. ಬಿ. ಕೆ. ರಾವ್ ಅವರು ಆರಂಭಿಸಿದ ಸೆಲೆಕ್ಟ್ ಬುಕ್ ಶಾಪ್ ಹಳೆಯ ಪುಸ್ತಕದ ವ್ಯಾಪಾರವನ್ನು ಒಂದು ವಿದ್ಯೆಯನ್ನಾಗಿಯೇ ಬೆಳೆಸಿತು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರಂತೂ ತಮ್ಮ ಸಂಪಾದನೆಯನ್ನೆಲ್ಲ ಸುರಿದು ಲಕ್ಷಾಂತರ ಪುಸ್ತಕಗಳಿಗೆ ಮನೆ ಕಟ್ಟಿದ್ದಾರೆ.

ಅಟ್ಟದ ಮೇಲೆ ಪುಸ್ತಕವನ್ನು ಹೊಗೆಗಿಟ್ಟ ಗೃಹಿಣಿ, ತೂಕ ಮಾಡುವ ಮೊದಲು ಆರಿಸಿಕೊಳ್ಳಿರೆಂದ ಅಂಗಡಿಯವನು, ಕಾಲುದಾರಿಯಲ್ಲಿ ಧೂಳು ಕೊಡವಿ ಜೋಡಿಸುವ ವ್ಯಾಪಾರಿ, ಇವರೆಲ್ಲರೂ ಜನ್ನನ ಕಾವ್ಯವನ್ನು ಗರಿಯಿಂದ ಗರಿಗೆ ಇಳಿಸಿದವರ ಬಳಗಕ್ಕೇ ಸೇರಿದವರೆಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ಸಾಹಿತ್ಯವನ್ನು ಕವಿಗಳು ಸೃಷ್ಟಿಸಿದರು. ಉಳಿಸಿದವರು ಇಂಥ ಹೆಸರಿಲ್ಲದ ಕೈಗಳು. ಮನೆಯನ್ನು ಖಾಲಿಮಾಡುವವರಲ್ಲಿ ನನ್ನದೊಂದು ಬೇಡಿಕೆ: ಗುಜರಿಯ ಗಾಡಿಯನ್ನು ಕರೆಯುವ ಮುನ್ನ ಊರಿನ ಶಾಲೆಯ ಮೇಷ್ಟರನ್ನೋ, ಓದುವ ಹುಚ್ಚಿರುವ ನೆರೆಯ ಹುಡುಗಿಯನ್ನೋ ಒಮ್ಮೆ ಕರೆದು ಆ ಗಂಟನ್ನು ಬಿಚ್ಚಿ ತೋರಿಸಿರಿ. ಅದರಲ್ಲಿ ಒಂದೇ ಒಂದು ಪುಸ್ತಕವು ಓದುಗರ ಕೈ ಸೇರಿದರೂ ನೀವು ಸಾಹಿತ್ಯಕ್ಕೆ ಸಲ್ಲಬೇಕಾದ ಸೇವೆಯನ್ನು ಸಲ್ಲಿಸಿದಂತಾಯಿತು.